ಮೈಲುತುತ್ತ: ಹೆಸರು, ಗುಣ, ಉಪಯೋಗ

ಮಲೆನಾಡಿನ ಅಡಕೆ ಬೆಳೆಗಾರರಿಗೆ ಮೈಲುತುತ್ತವು ಚಿರಪರಿಚಿತ ವಸ್ತು. ಸಂಸ್ಕೃತದಲ್ಲಿ ಇದು ಮಯೂರತುತ್ಥ. ಅಮರಕೋಶವು ‘ಶಿಖಿಗ್ರೀವ’ ಎಂಬ ಪರ್ಯಾಯಪದವನ್ನೂ ಕೊಡುತ್ತದೆ. ನವಿಲಿನ ಕೊರಳನ್ನು ಕಂಡವರಿಗೆ ಈ ಹೆಸರಿನ ಔಚಿತ್ಯವನ್ನು ಬೇರೆ ವಿವರಿಸಬೇಕಾಗಿಲ್ಲ. ರಸಾಯನಶಾಸ್ತ್ರದಲ್ಲಿ ಇದಕ್ಕೆ ತಾಮ್ರದ ಸಲ್ಫೇಟ್ ಎಂದು ಹೆಸರು.

ಈ ನೀಲವರ್ಣಕ್ಕೆ ಹರಳಿನೊಳಗೆ ಅಡಗಿರುವ ನೀರೇ ಕಾರಣ. ಹರಳಿನ ತೂಕದಲ್ಲಿ ಶೇಕಡಾ 36ರಷ್ಟು ನೀರಿನದೇ ಪಾಲು. ಚೆನ್ನಾಗಿ ಕಾಯಿಸಿದರೆ ನೀರು ಹೊರಟುಹೋಗಿ ಬಿಳಿಯ ಪುಡಿ ಉಳಿಯುತ್ತದೆ. ಅದರ ಮೇಲೆ ನೀರು ಬಿದ್ದೊಡನೆ ನೀಲಿ ಮರಳುತ್ತದೆ. ದ್ರವವೊಂದರಲ್ಲಿ ನೀರಿನ ಅಂಶವುಂಟೇ ಎಂದು ಅರಿಯಲು ಪ್ರಯೋಗಶಾಲೆಗಳಲ್ಲಿ ಈ ಗುಣವನ್ನೇ ಬಳಸುತ್ತಾರೆ.

ಫ್ರಾನ್ಸಿನ ಬೋರ್ಡೊ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದಿಯದಿರಲೆಂದು ತೋಟದವರು ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಬಳಿಯುತ್ತಿದ್ದರು. ಹಾಗೆ ಬಳಿದ ಬಳ್ಳಿಗಳಿಗೆ ಬೂಷ್ಟುರೋಗ ತಗಲದಿದ್ದುದನ್ನು 1882ರಲ್ಲಿ ಕಂಡ ಸಸ್ಯಶಾಸ್ತ್ರಜ್ಞ ಮಿಲಾರ್ಡೆ, ಪರೀಕ್ಷೆಗಳನ್ನು ನಡೆಸಿ 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದನು. ಕಳ್ಳರನ್ನು ಬೆದರಿಸಲು ಹೂಡಿದ ಉಪಾಯವು ಬೆಳೆಯ ರಕ್ಷಾಕವಚವಾಯಿತು!

ನಮ್ಮಲ್ಲಿ ರೈತರು ಅಡಕೆಯ ಕೊನೆಗಳಿಗೆ ಕೊಟ್ಟೆ ಕಟ್ಟಿ ಕೊಳೆರೋಗವನ್ನು ತಡೆಯುತ್ತಿದ್ದರು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಅಧ್ಯಯನವನ್ನು ಪ್ರಕಟಿಸಿ, ಬೋರ್ಡೊ ಮಿಶ್ರಣದ ಸಿಂಪಡಣೆಗೆ ದಾರಿ ತೋರಿದರು. ಮಿಶ್ರಣದ ಕ್ರಮ ಸರಳವಾದುದು. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ, ಒಂದು ಕಿಲೋ ಸುಣ್ಣವನ್ನು ಮತ್ತೆ 50 ಲೀಟರ್ ನೀರಿನಲ್ಲಿಯೂ ಕದಡಿ, ಮೊದಲನೆಯದನ್ನು ಎರಡನೆಯದಕ್ಕೆ ನಿಧಾನವಾಗಿ ಸುರಿಯಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಹೊಳೆಯುವ ಚಾಕುವಿನ ಅಲಗನ್ನು ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ತಿಳಿಯಬೇಕು; ಹಾಗೆಯೇ ಸಿಂಪಡಿಸಿದರೆ ಎಳೆಯ ಭಾಗಗಳು ಸುಡುತ್ತವೆ. ಈ ಔಷಧವು ರೋಗವು ಒಳಹೊಗದಂತೆ ತಡೆಯುವುದೇ ಹೊರತು ಕೊಳೆತ ಕಾಯನ್ನು ಗುಣಪಡಿಸದು. ಆದುದರಿಂದಲೇ ಮುಂಗಾರಿಗೆ ಮೊದಲೇ ಸಿಂಪಡಿಸಬೇಕು.

ಇದರ ಉಪಯೋಗ ತೋಟಕ್ಕಷ್ಟೇ ಸೀಮಿತವಲ್ಲ. ವಿದ್ಯುತ್ತಿನಿಂದ ತಾಮ್ರದ ಲೇಪ ಕೊಡುವಲ್ಲಿ, ತಾಮ್ರವನ್ನು ಶುದ್ಧಿಗೊಳಿಸುವಲ್ಲಿ, ಬಟ್ಟೆಗೆ ಬಣ್ಣವನ್ನು ನಿಲ್ಲಿಸುವಲ್ಲಿ, ಸತುವಿನ ಅದಿರನ್ನು ಬೇರ್ಪಡಿಸುವಲ್ಲಿ ಇದು ಬೇಕು. ಮೂತ್ರದಲ್ಲಿ ಸಕ್ಕರೆಯನ್ನು ಪತ್ತೆಹಚ್ಚುವ ಬೆನೆಡಿಕ್ಟ್ ದ್ರಾವಣದ ನೀಲಿಯೂ ಇದರದೇ.

ಆದರೆ ಮೈಲುತುತ್ತವು ವಿಷವೆಂಬುದನ್ನು ಮರೆಯಲಾಗದು. ಹೊಟ್ಟೆ ಸೇರಿದರೆ ಪ್ರಾಣಾಪಾಯ. ಕೆರೆ ಸೇರಿದರೆ ಮೀನುಗಳ ನಾಶ. ತಾಮ್ರವು ಕೊಳೆತು ಕರಗಿಹೋಗುವ ವಸ್ತುವಲ್ಲವಾದುದರಿಂದ ವರ್ಷವರ್ಷದ ಸಿಂಪಡಣೆಯಿಂದ ಮಣ್ಣಿನಲ್ಲಿ ಸಂಚಯವಾಗುತ್ತದೆ. ತೋಟವನ್ನು ಕಾಯುವ ವಸ್ತುವೇ ತೋಟದ ಮಣ್ಣನ್ನು ಕೆಡಿಸಬಲ್ಲದು. ಎಷ್ಟು, ಎಂದು, ಹೇಗೆ ಎಂಬ ಮೂರನ್ನೂ ಬಲ್ಲವನ ಕೈಯಲ್ಲಿ ಮಾತ್ರ ಇದು ಔಷಧ. ವಿದ್ಯಾರ್ಥಿಗಳಿಗೆ ಹರಳಿನ ಚೆಲುವನ್ನು ತೋರಿಸುವಾಗ ಉಪಾಧ್ಯಾಯರು ಈ ಮಾತನ್ನೂ ಕೂಡಿಯೇ ಹೇಳುವುದು ಉಚಿತ.