ಒತ್ತಿದ್ದು ಹೋಯ್ತೋ ಇಲ್ವೋ?

ನಾನು ವೆಬ್ ಕೆಲಸಕ್ಕೆ ಬಂದ ಕಾಲದಲ್ಲಿ ಆನ್‌ಲೈನ್ ಫಾರಂ ತುಂಬುವುದೆಂದರೆ ತಾಳ್ಮೆಯ ಪರೀಕ್ಷೆ. ಜಿಲ್ಲೆ ಆರಿಸಿದರೆ ಇಡೀ ಪುಟ ಬೆಳ್ಳಗಾಗಿ ಮತ್ತೆ ಮೂಡುತ್ತಿತ್ತು, ಆಮೇಲೆ ತಾಲ್ಲೂಕುಗಳ ಪಟ್ಟಿ ಬರುತ್ತಿತ್ತು. ತಾಲ್ಲೂಕಿಗೆ ಮತ್ತೊಮ್ಮೆ, ಹೋಬಳಿಗೆ ಇನ್ನೊಮ್ಮೆ. ನಡುವೆ ಕರೆಂಟೋ ನೆಟ್ಟೋ ಹೋದರೆ ತುಂಬಿದ್ದೆಲ್ಲ ನೀರಿಗೆ. ಪುಟ ಬದಲಿಸದೆ ಹಿಂದಿನಿಂದಲೇ ಸರ್ವರ್ ಜೊತೆ ಮಾತಾಡುವ ಸೌಲಭ್ಯ 1999ರಲ್ಲೇ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರೊಂದಿಗೆ ಬಂದಿತ್ತು. ಔಟ್‌ಲುಕ್ ಇಮೇಲನ್ನು ಬ್ರೌಸರಿನೊಳಗೆ ತರಬೇಕೆಂದು ಮೈಕ್ರೋಸಾಫ್ಟಿನವರು ಮಾಡಿಕೊಂಡ ಏರ್ಪಾಡು ಅದು. 2004ರ ಜಿಮೇಲ್, 2005ರ ಗೂಗಲ್ ಮ್ಯಾಪ್ಸ್ ಕಂಡ ಮೇಲಷ್ಟೇ ಉಳಿದವರಿಗೆ ಅದರ ಬಲ ಗೊತ್ತಾದದ್ದು. 2005ರ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಇದಕ್ಕೆ ‘ಅಜಾಕ್ಸ್’ ಎಂದು ಹೆಸರಿಟ್ಟರು. ನಾವೆಲ್ಲ ಅದರ ಹಿಂದೆ ಓಡಿದೆವು.

ಪುಟ ಬೆಳ್ಳಗಾಗುವುದು ನಿಂತಾಗ ಅದರ ಜೊತೆಗೇ ಒಂದು ಉಪಕಾರವೂ ನಿಂತಿತು. ಪರದೆ ಬಿಳಿಯಾದರೆ ‘ಏನೋ ನಡೆಯುತ್ತಿದೆ’ ಎಂದಾದರೂ ಜನಕ್ಕೆ ತಿಳಿಯುತ್ತಿತ್ತು. ಒಂದು ಸಹಕಾರ ಸಂಘದ ಸಾಲದ ಅರ್ಜಿಗೆ ಕನ್ನಡದ ಪರದೆಗಳನ್ನು ಮಾಡಿ ಪರೀಕ್ಷೆಗೆ ಕೊಟ್ಟಿದ್ದೆವು. ಅಲ್ಲಿನ ಗುಮಾಸ್ತರು ‘ಸಲ್ಲಿಸಿ’ ಬಟನ್ ಒತ್ತಿ, ಒಂದು ಕ್ಷಣ ಕಾದು, ಮತ್ತೆ ಒತ್ತಿ, ನನ್ನ ಕಡೆ ತಿರುಗಿ ಕೇಳಿದರು: “ಸಾರ್, ಒತ್ತಿದ್ದು ಹೋಯ್ತೋ ಇಲ್ವೋ?”

ಪರದೆಯ ವಿನ್ಯಾಸದ ಬಗ್ಗೆ ನಾನು ಕೇಳಿರುವ ಅತಿ ಮುಖ್ಯ ಪ್ರಶ್ನೆ ಇದೇ. ಜಾರುವ ಫಲಕ, ಅರಳುವ ಮೆನು, ಬಣ್ಣ ಬದಲಿಸುವ ಕಾರ್ಡು ಇವೆಲ್ಲ ಇದ್ದೂ ಈ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಪರದೆ ಬಡವಾಗಿಯೇ ಇರುತ್ತದೆ.

ಉತ್ತರ ಎಷ್ಟು ಬೇಗ ಸಿಗಬೇಕು ಎಂಬುದಕ್ಕೆ ಯಾಕೋಬ್ ನೀಲ್ಸನ್ 1993ರಲ್ಲಿ ಕೊಟ್ಟ ಅಳತೆಗಳು ಇವತ್ತಿಗೂ ನಿಲ್ಲುತ್ತವೆ. 0.1 ಸೆಕೆಂಡಿನೊಳಗೆ ಆದದ್ದು ಕೂಡಲೇ ಆಯಿತು ಅನ್ನಿಸುತ್ತದೆ. 1 ಸೆಕೆಂಡಿನವರೆಗೆ ಯೋಚನೆ ಕಡಿಯುವುದಿಲ್ಲ. 10 ಸೆಕೆಂಡ್ ದಾಟಿತೋ, ಗಮನ ಬೇರೆ ಕಡೆ ಹೋಯಿತು. ಗೂಗಲ್ ಕೂಡ 2024ರ ಮಾರ್ಚಿನಿಂದ ಪುಟಗಳ ಗುಣ ಅಳೆಯುವಾಗ, ಒತ್ತಿದ ಮೇಲೆ ಪರದೆ ಎಷ್ಟು ಹೊತ್ತಿಗೆ ಬದಲಾಯಿತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದೆ. 200 ಮಿಲಿಸೆಕೆಂಡ್ ಒಳಗಿದ್ದರೆ ಒಳ್ಳೆಯದು, 500 ದಾಟಿದರೆ ಕೆಟ್ಟದ್ದು.

ಅಷ್ಟರೊಳಗೆ ಕೆಲಸ ಮುಗಿಯಲೇಬೇಕು ಎಂದೇನಿಲ್ಲ, ಸುದ್ದಿ ಮುಟ್ಟಬೇಕು. ಆ ಅರ್ಜಿಯಲ್ಲಿ ಬೆರಳು ತಾಗಿದ ಕೂಡಲೇ ಬಟನ್ ಬಣ್ಣ ಕಳೆದುಕೊಂಡು ‘ಕಳುಹಿಸುತ್ತಿದ್ದೇವೆ’ ಎನ್ನುವಂತೆ ಮಾಡಿದೆವು. ಮುಗಿದ ಮೇಲೆ ಅದೇ ಜಾಗದಲ್ಲಿ ಅರ್ಜಿ ಸಂಖ್ಯೆ. ಅದನ್ನು ಬರೆದುಕೊಳ್ಳುವಷ್ಟು ಹೊತ್ತು ಪರದೆ ಅಲ್ಲಿಯೇ ನಿಲ್ಲುತ್ತದೆ, ತಾನಾಗಿ ಮಾಯವಾಗುವುದಿಲ್ಲ. ನೆಟ್ ನಿಧಾನವಾಗಿ ಅದೇ ಅರ್ಜಿ ಎರಡು ಸಲ ಹೊರಟರೂ ಸರ್ವರ್ ಗುರುತಿಸಲೆಂದು ಬ್ರೌಸರಿನಲ್ಲೇ ಪ್ರತಿ ಅರ್ಜಿಗೂ ಒಂದು ಗುರುತು ಕೊಟ್ಟೆವು. ಸಣ್ಣಪುಟ್ಟ ಕೆಲಸಕ್ಕೆ, ಅಂದರೆ ಒಂದು ಗುರುತು ಹಾಕುವುದು, ಪಟ್ಟಿಯ ಕ್ರಮ ಬದಲಿಸುವುದು ಇಂಥದ್ದಕ್ಕೆ, ಸರ್ವರ್ ಒಪ್ಪುವ ಮೊದಲೇ ‘ಆಯಿತು’ ಎಂದು ತೋರಿಸಿದರೆ ಪರದೆ ಚುರುಕಾಗುತ್ತದೆ. ದುಡ್ಡಿನ ವಿಷಯದಲ್ಲಿ ಇದು ಕೂಡದು. ಬ್ಯಾಂಕಿನಿಂದ ಖಾತ್ರಿ ಬರುವ ಮುನ್ನ ‘ಹಣ ಸಂದಾಯವಾಗಿದೆ’ ಎಂದು ತೋರಿಸುವುದು ಮೋಸ.

ಇನ್ನು ಕನ್ನಡದ ಮಾತು. ಅಕ್ಷರ ಒತ್ತಿದಂತೆಲ್ಲ ಕೆಳಗೆ ಊರುಗಳ ಪಟ್ಟಿ ತೋರಿಸುವ ಪೆಟ್ಟಿಗೆ ಎಲ್ಲರಿಗೂ ಇಷ್ಟ. ಆದರೆ ಇಂಥ ಸಿದ್ಧ ಸಲಕರಣೆಗಳಲ್ಲಿ ಹಲವು, ಒಂದು ಕೀ ಒತ್ತಿದರೆ ಒಂದು ಅಕ್ಷರ ಎಂಬ ನಂಬಿಕೆಯ ಮೇಲೆ ನಿಂತಿವೆ. ‘ಕೃಷ್ಣ’ ನಮ್ಮ ಕಣ್ಣಿಗೆ ಎರಡಕ್ಷರ, ಕಂಪ್ಯೂಟರಿಗೆ ಐದು ಸಂಕೇತ. ಇಂಗ್ಲಿಷ್ ಕೀಲಿಗಳಿಂದ ಕನ್ನಡ ಮೂಡಿಸುವ ಕೀಬೋರ್ಡಿನಲ್ಲಂತೂ ಪದ ಇನ್ನೂ ಕೂಡಿಕೊಳ್ಳುತ್ತಿರುವಾಗಲೇ ಅರ್ಧ ಪದ ಸರ್ವರಿಗೆ ಹೋಗಿ ‘ಫಲಿತಾಂಶ ಇಲ್ಲ’ ಎಂದು ಬರುತ್ತದೆ. ಪದ ಕೂಡಲು ಶುರುವಾಯಿತು, ಮುಗಿಯಿತು ಎಂದು ಬ್ರೌಸರ್ ತಿಳಿಸುತ್ತದೆ. ಮುಗಿದ ಸೂಚನೆ ಬರುವವರೆಗೆ ಕಾದು ಹುಡುಕಿದರೆ ಅರ್ಧ ತೊಂದರೆ ನೀಗುತ್ತದೆ. ಉಳಿದರ್ಧ ನಮ್ಮ ಊರುಗಳದ್ದೇ. ಹೊಸಹಳ್ಳಿ ಎಂದು ಬರೆದರೆ ಹತ್ತಾರು ಹೊಸಹಳ್ಳಿಗಳು. ಹೋಬಳಿ, ತಾಲ್ಲೂಕಿನ ಹೆಸರು ಪಕ್ಕದಲ್ಲೇ ಇಲ್ಲದಿದ್ದರೆ ಆ ಪಟ್ಟಿಯಿಂದ ಯಾರಿಗೂ ಪ್ರಯೋಜನವಿಲ್ಲ. ‘ಹೊಸಳ್ಳಿ’ ಎಂದು ಬರೆದವರಿಗೂ ಅದೇ ಊರು ಸಿಗಬೇಕು.

ಬಟನ್ನಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಕಟ್ಟಿಹಾಕಿದರೆ ‘ರಾಷ್ಟ್ರ’ದ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. ಎತ್ತರವನ್ನು ಪದಕ್ಕೆ ಬಿಡಿ.

ಕಣ್ಣು ಕಾಣದವರ ವಿಷಯವನ್ನು ನಾನು ಅವರ ಪಕ್ಕ ಕುಳಿತೇ ಕಲಿತೆ. ಸ್ಕ್ರೀನ್ ರೀಡರ್ ಬಳಸುವ ಗೆಳೆಯರೊಬ್ಬರು ಅದೇ ಅರ್ಜಿ ತುಂಬಿದಾಗ, ತಪ್ಪಾದ ಅಂಕಣ ಕೆಂಪಾಯಿತು, ಕೆಳಗೆ ಸೂಚನೆಯೂ ಬಂತು, ಅವರ ಕಿವಿಗೆ ಮಾತ್ರ ಏನೂ ಬೀಳಲಿಲ್ಲ. ಪುಟ ಹೊಸದಾಗಿ ಲೋಡ್ ಆಗದೆ ಒಳಗೊಳಗೇ ಬದಲಾದರೆ, ಆ ಬದಲಾವಣೆಯನ್ನು ಓದಿ ಹೇಳು ಎಂದು ಕೋಡಿನಲ್ಲಿ ಗುರುತು ಮಾಡಿಯೇ ತಿಳಿಸಬೇಕು. ಒಂದೇ ಸಾಲಿನ ಕೆಲಸ. ಅದಾದ ಮೇಲೆ ಅವರು ಯಾರ ನೆರವೂ ಇಲ್ಲದೆ ಅರ್ಜಿ ಮುಗಿಸಿದರು. ಈ ವೃತ್ತಿಯಲ್ಲಿ ನನಗೆ ಅಷ್ಟು ಸಂತೋಷ ಕೊಟ್ಟ ಗಳಿಗೆಗಳು ಕಡಿಮೆ.

ಫಾರಂ ತುಂಬುವಾಗ ಫೋನ್ ಕರೆ ಬಂದು ಪುಟ ಅಳಿಸಿಹೋದರೂ ತುಂಬಿದ್ದು ಉಳಿಯಬೇಕು ಎಂಬುದು ನನ್ನ ಇನ್ನೊಂದು ಹಟ. ಆದರೆ ಸೈಬರ್ ಸೆಂಟರಿನಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಒಂದೇ ಕಂಪ್ಯೂಟರನ್ನು ಊರೆಲ್ಲ ಬಳಸುತ್ತದೆ. ಆಧಾರ್ ಸಂಖ್ಯೆ, ಖಾತೆ ಸಂಖ್ಯೆಗಳನ್ನು ಬ್ರೌಸರಿನಲ್ಲಿ ಉಳಿಸಲೇಬಾರದು.

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಹೊಸ ಅನಿಮೇಷನ್ ಸೇರಿಸುವ ಮುನ್ನ ಕಡಿಮೆ ಬೆಲೆಯ ಒಂದು ಫೋನಿನಲ್ಲಿ, ನೆಟ್ ಸರಿಯಾಗಿ ಸಿಗದ ಜಾಗದಲ್ಲಿ, ಕನ್ನಡ ಕೀಬೋರ್ಡಿನಿಂದ ನಿಮ್ಮದೇ ಫಾರಂ ಒಮ್ಮೆ ಪೂರ್ತಿ ತುಂಬಿ ಸಲ್ಲಿಸಿ. ಆಮೇಲೆ ನಿಮ್ಮ ತಂಡದ ಹೊರಗಿನವರೊಬ್ಬರ ಕೈಗೆ ಆ ಫೋನ್ ಕೊಟ್ಟು, ನೀವು ಮಾತಾಡದೆ ಪಕ್ಕದಲ್ಲಿ ಕುಳಿತು ನೋಡಿ.