ಬಿಸಿಲುಸೀಮೆಗೆ ಹಳೆಯ ಕಾರು: ದುರಸ್ತಿಯ ಖರ್ಚು ಉಳಿಸುವ ಬಗೆ



2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಮತ್ತು ಅಂಬಾಸಡರ್ ಕಾರುಗಳು ನಮ್ಮಲ್ಲಿ ಕೆಲವರ ಅಂಗಳದಲ್ಲಿ ಇನ್ನೂ ಇವೆ. ಮಲೆನಾಡಿನ ತಂಪಿನಲ್ಲಿ ಅವು ಹೇಗೋ ಓಡುತ್ತವೆ. ಬೇಸಗೆ ರಜೆಯಲ್ಲಿ ಮಂತ್ರಾಲಯಕ್ಕೆಂದೋ, ಆಳು ಗೊತ್ತುಮಾಡಲು ಮಾನ್ವಿ, ದೇವದುರ್ಗದ ಕಡೆಗೆಂದೋ ಹೊರಟಾಗ ಅವುಗಳ ನಿಜವಾದ ಸ್ಥಿತಿ ಬಯಲಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಸಿಂಧನೂರು ಬಿಟ್ಟು ಮಾನ್ವಿಯತ್ತ ಸಾಗುವಾಗ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳು ನಮ್ಮ ಕಣ್ಣಿಗೆ ತಂಪು, ಇಂಜಿನಿಗಲ್ಲ.

ಕಾರು ಕುದಿಯಿತೆಂದರೆ ಪರಊರಿನಲ್ಲಿ ನಾವು ಮೆಕ್ಯಾನಿಕ್ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತೇವೆ. "ಹೆಡ್ ಬಿಚ್ಚಬೇಕು" ಎಂದರೆ ಅದಕ್ಕೂ ಸರಿ. ಹೆಡ್ ಬಿಚ್ಚುವುದು ಕೊನೆಯ ಕೆಲಸವೇ ಹೊರತು ಮೊದಲನೆಯದಲ್ಲ ಎಂಬುದನ್ನು ಸದಸ್ಯರು ನೆನಪಿಡಬೇಕು. ಅದಕ್ಕೆ ಮುಂಚೆ ನೋಡಬೇಕಾದ ಭಾಗಗಳೆಲ್ಲ ಅಗ್ಗದವು.

ಮುಳ್ಳು ಕೆಂಪು ಗೆರೆಯ ಕಡೆ ಏರಿದೊಡನೆ ಕಾರು ನಿಲ್ಲಿಸಿರಿ. "ಮುಂದಿನ ಊರು ಇಲ್ಲೇ ಇದೆ" ಎಂದು ಹತ್ತು ನಿಮಿಷ ಓಡಿಸುವುದರಷ್ಟು ದುಬಾರಿ ಕೆಲಸ ಬೇರೆ ಇಲ್ಲ. ಮಾರುತಿಯ ಹೆಡ್ ಅಲ್ಯುಮಿನಿಯಮ್ಮಿನದು. ಅತಿಯಾಗಿ ಕಾದರೆ ಬಾಗುತ್ತದೆ. ಅಂಬಾಸಡರಿನ ಹಳೆಯ ಪೆಟ್ರೋಲ್ ಇಂಜಿನಿನ ಬೀಡುಕಬ್ಬಿಣದ ಹೆಡ್ ಹೆಚ್ಚು ತಾಳಿಕೊಳ್ಳುತ್ತದೆ, ಆದರೆ ಅದರ ಗ್ಯಾಸ್ಕೆಟ್ ತಾಳಲಾರದು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬಾರದು, ಮುಖ ಸುಟ್ಟೀತು. ಕಾದ ಇಂಜಿನಿನ ಮೇಲೆ ತಣ್ಣೀರು ಸುರಿಯಲೂ ಬಾರದು.

ತಣಿದ ಮೇಲೆ ಮೊದಲು ಆ ಮುಚ್ಚಳವನ್ನೇ ನೋಡಿರಿ. ಅದು ಬರೀ ಮುಚ್ಚಳವಲ್ಲ, ನೀರನ್ನು ಒತ್ತಡದಲ್ಲಿ ಹಿಡಿದಿಡುವ ಕವಾಟ. ವಾತಾವರಣದಷ್ಟೇ ಒತ್ತಡ ಇನ್ನೊಂದು ಪಾಲು ಸೇರಿದರೆ ನೀರು 100ರ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ಮುಚ್ಚಳದ ರಬ್ಬರು ಸೀಳಿದ್ದರೆ, ಸ್ಪ್ರಿಂಗ್ ಸೋತಿದ್ದರೆ, ಆ ಲಾಭವೆಲ್ಲ ಹೋಯಿತು. ಬಳಿಕ ಹೋಸ್ ಪೈಪು, ಕ್ಲಿಪ್ಪು, ಬೆಲ್ಟಿನ ಬಿಗಿ. ಮಾರುತಿಯಲ್ಲಿ ಫ್ಯಾನ್ ವಿದ್ಯುತ್ತಿನದು. ಅದು ತಿರುಗದಿದ್ದರೆ ಹೊಸ ಮೋಟಾರು ಕೊಳ್ಳುವ ಮುನ್ನ ಅದರ ಪ್ಲಗ್ ಕಳಚಿ, ಬ್ಯಾಟರಿಯಿಂದ ಎರಡು ತಂತಿ ನೇರ ಕೊಟ್ಟು ನೋಡಿಸಿರಿ. ತಿರುಗಿತೆಂದರೆ ಮೋಟಾರು ಸರಿಯಿದೆ. ದೋಷ ಫ್ಯೂಸ್, ರಿಲೇ, ಸ್ವಿಚ್ ಅಥವಾ ವೈರಿಂಗಿನಲ್ಲಿದೆ.

ಥರ್ಮೋಸ್ಟಾಟ್ ವಿಷಯದಲ್ಲಿ ನಮಗೆ ತಕರಾರಿದೆ. ಬಿಸಿಲೂರಿನ ಗ್ಯಾರೇಜುಗಳಲ್ಲಿ ಅದನ್ನು ಕಿತ್ತೊಗೆದು "ಇನ್ನು ಕಾಯುವುದಿಲ್ಲ" ಎನ್ನುವುದುಂಟು. ಮರಳಿ ನಮ್ಮ ಮಳೆಗಾಲಕ್ಕೆ ಬಂದಾಗ ಅದೇ ಇಂಜಿನ್ ಸರಿಯಾಗಿ ಬಿಸಿಯೇರದೆ ಪೆಟ್ರೋಲ್ ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ, ಸವಕಳಿ ಹೆಚ್ಚುತ್ತದೆ. ಕಿತ್ತದ್ದನ್ನು ಎಸೆಯದೆ ಪರೀಕ್ಷಿಸಿರಿ. ಹಳೆಯ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ತೂಗಿಬಿಟ್ಟು ಕಾಯಿಸಿದರೆ, ಅದರ ಮೇಲೆ ಕೆತ್ತಿರುವ 82 ಅಥವಾ 88ರಂಥ ಡಿಗ್ರಿಯ ಸುಮಾರಿಗೆ ಬಾಯಿ ತೆರೆಯಲು ಶುರುಮಾಡಬೇಕು, ತಣಿದಾಗ ಮುಚ್ಚಬೇಕು. ನೀರು ಕುದಿದರೂ ತೆರೆಯದಿದ್ದರೆ ಹೊಸದು ಹಾಕಿಸಿರಿ. ಒಲೆಯ ಖರ್ಚು ಬಿಟ್ಟರೆ ಈ ಪರೀಕ್ಷೆಗೆ ದುಡ್ಡಿಲ್ಲ.

ದಾರಿಯಲ್ಲಿ ಸಿಕ್ಕ ಬೋರ್‌ವೆಲ್ ನೀರನ್ನೇ ರೇಡಿಯೇಟರಿಗೆ ತುಂಬುವುದು ಇನ್ನೊಂದು ಅಭ್ಯಾಸ. ಗಡಸು ನೀರು ಕಾಯಿಸಿದ ಪಾತ್ರೆಗೆ ಹತ್ತುವ ಬಿಳಿ ಪೊರೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ. ಕೂಲೆಂಟ್ ಜೊತೆ ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕುವುದು ಉತ್ತಮ. ಅಡಚಣೆಗೆಂದು ಒಂದು ಕ್ಯಾನ್ ಒಯ್ಯುವುದಾದರೆ, ಮೊದಲ ಮಳೆಗಳಲ್ಲಿ ಮಾಡಿನ ಕೊಳೆ ತೊಳೆದುಹೋದ ಮೇಲೆ ಹಿಡಿದಿಟ್ಟ ಮಳೆನೀರು ಆದೀತು. ಅದಕ್ಕೆ ನಮ್ಮಲ್ಲಿ ಬರವಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಕಾರು ಕಾಯುತ್ತಿದ್ದರೆ, ಇಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ಚಾಲೂ ಮಾಡಿ ನೋಡಿರಿ. ನೀರಿನಲ್ಲಿ ಗುಳ್ಳೆ ಬಿಡದೆ ಏಳುತ್ತಿದ್ದರೆ, ಅಥವಾ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಆಗ ಮೆಕ್ಯಾನಿಕ್ ಮಾತು ಕೇಳಬೇಕು. ಹೆಡ್ ಬಿಚ್ಚಿದ ಮೇಲೆ ಲೇಥ್ ಅಂಗಡಿಯಲ್ಲಿ ಅದರ ಮಟ್ಟ ನೋಡಿಸದೆ ಬರೀ ಗ್ಯಾಸ್ಕೆಟ್ ಬದಲಿಸಿದರೆ ಅದೇ ಕೂಲಿಯನ್ನು ಎರಡು ಬಾರಿ ತೆರಬೇಕಾಗುತ್ತದೆ.

ಕಾರ್ಬ್ಯುರೇಟರಿನ ಕಾರು ಮುಳ್ಳು ಏರದೆಯೂ ನಡುಮಧ್ಯಾಹ್ನ ನಿಂತುಬಿಟ್ಟು, ನೆರಳಿನಲ್ಲಿ ಅರ್ಧ ಗಂಟೆ ಕಳೆದ ಮೇಲೆ ತಾನೇ ಚಾಲೂ ಆಗುವುದುಂಟು. ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಪಂಪು ಸೆಳೆಯಲಾರದ್ದರಿಂದ ಹೀಗಾಗುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಬೇಗ ಸರಿಹೋಗುತ್ತದೆ. ಹಾಗೆ ಸರಿಹೋದರೆ ಹೊಸ ಪಂಪು, ಕಾಯಿಲ್ ಕೊಳ್ಳುವ ಅವಸರ ಬೇಡ. ಒದ್ದೆ ಬಟ್ಟೆಗೂ ಜಗ್ಗದಿದ್ದರೆ ಕಾಯಿಲನ್ನು ಪರೀಕ್ಷಿಸಿಸಿರಿ. ಕಾದಾಗ ಕೈಕೊಡುವುದು ಅದರ ಗುಣವೂ ಹೌದು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪುಗಳನ್ನು ಮಾತ್ರ ಬದಲಿಸಿಯೇ ಹೊರಡಿರಿ. ಬಾನೆಟ್ಟಿನಡಿ ಪೆಟ್ರೋಲ್ ವಾಸನೆ ಬಂದರೆ ಕಾರು ಚಾಲೂ ಮಾಡಲೇಬೇಡಿ.

ಉಳಿಸಬಾರದ ಖರ್ಚು ಬ್ರೇಕು, ಸ್ಟೇರಿಂಗು ಮತ್ತು ಟಯರಿನದು. ತಿಂಗಳಿಗೆ ನಾಲ್ಕು ಸಲ ಪೇಟೆಗೆ ಹೋಗಿಬರುವ ಕಾರಿನ ಟಯರು ಸವೆಯುವುದಿಲ್ಲ, ಆದರೆ ಹಳತಾಗುತ್ತದೆ. ಅಂಥದ್ದು ಕಾದ ಡಾಂಬರಿನ ಮೇಲೆ ವೇಗದಲ್ಲಿ ಸಿಡಿಯುತ್ತದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆ ಅಚ್ಚಾಗಿರುತ್ತವೆ: 2316 ಎಂದಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಅಂಥ ಟಯರಿನ ಮೇಲೆ ಮನೆಮಂದಿಯನ್ನು ಕೂರಿಸಿಕೊಂಡು ರಾಯಚೂರಿಗೆ ಹೊರಡಬೇಡಿರಿ, ಗೀರು ಎಷ್ಟೇ ಆಳವಾಗಿ ಕಾಣಲಿ.