ಬ್ಯಾಗು ಹೆಗಲಿಗೇರಿಸುವ ಮುನ್ನ

ತಮ್ಮಾ, ಬಿ.ಎಸ್‌ಸಿ. ಮುಗಿಸಿ ಮನೆಯಲ್ಲಿ ಕೂತಿದ್ದ ನಿನಗೆ ಔಷಧ ಕಂಪನಿಯೊಂದರಿಂದ ಮೆಡಿಕಲ್ ರೆಪ್ ಕೆಲಸದ ಸಂದರ್ಶನಕ್ಕೆ ಕರೆ ಬಂದಿದೆಯಂತೆ, ನಿನ್ನ ಅಪ್ಪ ಹೇಳಿದರು. ಬೈಕಿಗೆ ಪೆಟ್ರೋಲ್ ದುಡ್ಡು, ದಿನಭತ್ಯೆ, ಮೇಲೆ ಇನ್ಸೆಂಟಿವ್, ಟೈ ಕಟ್ಟಿಕೊಂಡು ಡಾಕ್ಟರರ ಎದುರು ಕೂರುವ ಮರ್ಯಾದೆ. ಮನಸ್ಸು ಹಿಗ್ಗುವುದು ಸಹಜ. ಅಂಕೋಲೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡೇ ಕೂದಲು ಹಣ್ಣಾದವನು ನಾನು. ಎಷ್ಟೋ ಹುಡುಗರು ಈ ಬ್ಯಾಗು ಹೊತ್ತು ನನ್ನ ಕೌಂಟರಿಗೆ ಬಂದರು, ಅಲ್ಲೇ ನಡುವಯಸ್ಸಿನವರಾದರು. ಅವರನ್ನು ಹತ್ತಿರದಿಂದ ಕಂಡವನಾಗಿ ನಾಲ್ಕು ಮಾತು ಹೇಳುತ್ತೇನೆ, ಕೇಳು.

ಬಿಸಿಲಲ್ಲಿ ತಿರುಗುವುದು, ಕೊನೆಯ ಪೇಷಂಟ್ ಹೋಗುವ ತನಕ ಕ್ಲಿನಿಕ್ಕಿನ ಬಾಗಿಲಲ್ಲಿ ಕಾಯುವುದು, ರಾತ್ರಿ ಮನೆಗೆ ಬಂದು ಮೊಬೈಲಿನಲ್ಲಿ ದಿನದ ವರದಿ ತುಂಬುವುದು, ಇವನ್ನು ಎಲ್ಲರೂ ಹೇಳುತ್ತಾರೆ. ಹರೆಯದ ಮೈ ಅದಕ್ಕೆಲ್ಲ ಒಗ್ಗಿಕೊಳ್ಳುತ್ತದೆ. ಒಗ್ಗಲಾರದ್ದು ಒಂದಿದೆ: ನಿನ್ನ ಕೈಯಲ್ಲಿಲ್ಲದ ಕೆಲಸಕ್ಕೆ ನೀನು ಲೆಕ್ಕ ಕೊಡಬೇಕು. ಮಾತ್ರೆ ನುಂಗುವವನು ರೋಗಿ, ಬರೆಯುವವರು ಡಾಕ್ಟರು, ಮಾರುವವನು ನಾನು, ನನಗೆ ಮಾಲು ಕೊಡುವವನು ಸ್ಟಾಕಿಸ್ಟ್. ಈ ನಾಲ್ವರಲ್ಲಿ ಯಾರೂ ನಿನ್ನ ಮಾತು ಕೇಳಲೇಬೇಕೆಂದಿಲ್ಲ. ಆದರೆ ಸೇಲ್ಸ್ ಯಾಕೆ ಬರಲಿಲ್ಲ ಎಂದು ಮೀಟಿಂಗಿನಲ್ಲಿ ಎದ್ದು ನಿಂತು ಉತ್ತರಿಸಬೇಕಾದವನು ನೀನೊಬ್ಬನೇ.

ನಮ್ಮ ಕಡೆ ಈ ಸಂಕಟ ಇನ್ನೂ ಹೆಚ್ಚು. ಕಾರವಾರದಲ್ಲಿ ಮೆಡಿಕಲ್ ಕಾಲೇಜಿದೆ, ಅಂಕೋಲೆಯಲ್ಲಿ ತಾಲೂಕು ಆಸ್ಪತ್ರೆಯಿದೆ. ಆದರೂ ಎದೆನೋವು, ಕಿಡ್ನಿ, ತಲೆಗೆ ಪೆಟ್ಟು ಅಂದರೆ ಜನ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುತ್ತಾರೆ. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ಕೂಗೆಬ್ಬಿಸಿದ್ದು ಇದಕ್ಕೇ. ಆ ದೂರದ ಆಸ್ಪತ್ರೆಗಳಿಂದ ಬರುವ ಚೀಟಿಯಲ್ಲಿ ಯಾವ ಬ್ರ್ಯಾಂಡ್ ಇದೆಯೋ ಅದೇ ಮಾತ್ರೆಯನ್ನು ಹೃದ್ರೋಗಿ ವರ್ಷಗಟ್ಟಲೆ ಕೇಳಿ ಒಯ್ಯುತ್ತಾನೆ. ಊರಿನ ಡಾಕ್ಟರು ಸಾಮಾನ್ಯವಾಗಿ ಅದಕ್ಕೆ ಕೈ ಹಾಕುವುದಿಲ್ಲ. ನೀನು ಇಲ್ಲಿ ಎಷ್ಟು ಚಂದ ವಿವರಿಸಿದರೂ ಬ್ರ್ಯಾಂಡ್ ತೀರ್ಮಾನವಾಗುವುದು ನಿನ್ನ ಏರಿಯಾದ ಹೊರಗೆ. ಟಾರ್ಗೆಟ್ ಮಾತ್ರ ಕಾರವಾರ ಹೆಡ್‌ಕ್ವಾರ್ಟರ್ಸ್ ಹೆಸರಿನಲ್ಲೇ ಇರುತ್ತದೆ.

ಮಳೆಗಾಲ ಬೇರೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಅಂಕೋಲೆ–ಕುಮಟಾ ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಆಗಸ್ಟ್ 7ರಂದು ಕಾಳಿ ನದಿಯ ಹಳೇ ಸೇತುವೆ ಮುರಿದು ಬಿತ್ತು. ಊರಿಗೆ ಊರೇ ಕಂಗಾಲಾಗಿದ್ದ ಆ ದಿನಗಳಲ್ಲೂ ನನ್ನ ಅಂಗಡಿಗೆ ಬರುವ ಹುಡುಗರ ಫೋನಿಗೆ ಕಂಪನಿಯಿಂದ ಒಂದೇ ಪ್ರಶ್ನೆ ಬರುತ್ತಿತ್ತು: ಇವತ್ತು ಎಷ್ಟು ಕಾಲ್ (ಡಾಕ್ಟರರ ಭೇಟಿ) ಆಯಿತು?

ಮೊದಲ ಅಪಾಯ ಸುಳ್ಳು ಸೇಲ್ಸಿನದು. ತಿಂಗಳ ಕೊನೆಯ ಸಂಜೆ ಏನಾಗುತ್ತದೆ ಎಂದು ಹೇಳುತ್ತೇನೆ. ಒಮ್ಮೆ ಒಬ್ಬ ಹುಡುಗ ಗಿರಾಕಿಗಳೆಲ್ಲ ಹೋಗುವುದನ್ನೇ ಕಾದು, ಬ್ಯಾಗು ಕೆಳಗಿಟ್ಟು, ಮೊಬೈಲಿನಲ್ಲಿ ಲೆಕ್ಕ ಹಾಕುತ್ತ, “ಅಣ್ಣಾ, ಈ ಸಿರಪ್ ಎರಡು ಬಾಕ್ಸ್ ಎತ್ತಿಕೊಳ್ಳಿ, ಖರ್ಚಾಗದಿದ್ದರೆ ವಾಪಸ್ ಮಾಡಿಸ್ತೇನೆ” ಅಂದ. ಹಿಂದಿನ ತಿಂಗಳ ಬಾಕ್ಸೇ ಕಪಾಟಿನಲ್ಲಿ ಒಡೆಯದೆ ಕೂತಿತ್ತು, ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಬಿಲ್ ಮಾತ್ರ ನಿಮ್ಮ ಹೆಸರಿಗೆ ಹಾಕಿಸ್ತೇನೆ, ದುಡ್ಡು ನಾನೇ ಕಟ್ತೇನೆ” ಅಂದ. ತಂಗಿಯ ಫೀಸಿಗೆಂದು ಇಟ್ಟ ದುಡ್ಡು ಅದು ಎಂದು ಆಮೇಲೆ ಗೊತ್ತಾಯಿತು. ಹೀಗೆ ತುಂಬಿಸಿದ ಸೇಲ್ಸ್ ಮುಂದಿನ ತಿಂಗಳ ಟಾರ್ಗೆಟ್ ಏರಿಸಲು ಕಾರಣವಾಗುತ್ತದೆ. ಮಾಲು ಎಕ್ಸ್‌ಪೈರಿಯಾಗಿ ಮರಳುತ್ತದೆ, ಅದರ ಕಡಿತವೂ ಅವನ ತಲೆಗೇ. ಒಮ್ಮೆ ಕೈಯಿಂದ ದುಡ್ಡು ಹಾಕಿದವನಿಗೆ ಆ ಸುಳಿಯಿಂದ ಹೊರಬರುವುದು ಬಲು ಕಷ್ಟ.

ಎರಡನೆಯ ಅಪಾಯ ಕಾಣಿಕೆಯದು. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ವೈದ್ಯರಿಗೆ ಕೊಡುವ ಉಚಿತ ಕೊಡುಗೆಗಳ ಖರ್ಚಿಗೆ ಕಂಪನಿಗಳು ತೆರಿಗೆ ವಿನಾಯಿತಿ ಪಡೆಯುವಂತಿಲ್ಲ ಎಂದಿತು. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ ಹೊಸ ಮಾರಾಟ ಸಂಹಿತೆ ಹೊರಡಿಸಿ, ವೈದ್ಯರಿಗೂ ಅವರ ಮನೆಯವರಿಗೂ ಉಡುಗೊರೆ ಕೂಡದು ಎಂದಿತು. ಒಬ್ಬ ವೈದ್ಯರಿಗೆ ಒಂದು ಔಷಧದ ಸ್ಯಾಂಪಲ್ ವರ್ಷಕ್ಕೆ 12 ಪ್ಯಾಕ್ ದಾಟಬಾರದು ಎಂಬುದೂ ಅದರಲ್ಲಿದೆ. ನಿಯಮ ಕಾಗದದಲ್ಲಿರುತ್ತದೆ, ಒತ್ತಡ ಫೋನಿನಲ್ಲಿ ಬರುತ್ತದೆ. “ಹೇಗಾದರೂ ಮಾಡಿ ಒಪ್ಪಿಸು” ಎಂಬುದಕ್ಕೆ ಸಾಕ್ಷಿ ಇರುವುದಿಲ್ಲ. ಕೊಟ್ಟ ಕೈ ಮಾತ್ರ ನಿನ್ನದೇ. ಬರವಣಿಗೆಯಲ್ಲಿ ಬಾರದ ಯಾವ ಆದೇಶವನ್ನೂ ನಡೆಸಬೇಡ. ಕಾಣಿಕೆಯ ಋಣಕ್ಕೆ ಬರೆದ ಬೇಡದ ಔಷಧಕ್ಕೆ ಕೊನೆಗೆ ದುಡ್ಡು ಕೊಡುವವರು ಬೇಲೆಕೇರಿಯ ಮೀನುಗಾರ್ತಿಯೋ ನಿನ್ನ ಅಜ್ಜಿಯೋ ಆಗಿರುತ್ತಾರೆ.

ಕೆಲಸದ ಭದ್ರತೆಯನ್ನೂ ತಿಳಿದುಕೊ. ಮೆಡಿಕಲ್ ರೆಪ್‌ಗಳಂಥ ಮಾರಾಟ ಪ್ರಚಾರ ನೌಕರರಿಗೆಂದೇ 1976ರಲ್ಲಿ ಕಾಯ್ದೆ ಬಂತು. ಆದರೂ 1994ರಲ್ಲಿ ಸುಪ್ರೀಂ ಕೋರ್ಟ್, ಮೆಡಿಕಲ್ ರೆಪ್ ಕೈಗಾರಿಕಾ ವಿವಾದ ಕಾಯ್ದೆಯ ವ್ಯಾಖ್ಯೆಯ ಕಾರ್ಮಿಕನಲ್ಲ ಎಂದಿತು. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ಮಾರಾಟ ಪ್ರಚಾರ ನೌಕರನೂ ಕಾರ್ಮಿಕನೇ, ನೇಮಕಾತಿ ಪತ್ರವೂ ಕಡ್ಡಾಯ. ಆದರೆ ಮ್ಯಾನೇಜರ್ ಹುದ್ದೆಗೇರಿದವನಿಗೆ ಆ ಆಸರೆ ಇಲ್ಲ. ಬಡ್ತಿ ಬಂದಾಗ ಈ ಮಾತು ನೆನಪಿರಲಿ. ಸಂಬಳ ಏರಿದ, ವಯಸ್ಸೂ ಏರಿದ ಮ್ಯಾನೇಜರನಿಗೆ ದೂರದೂರಿಗೆ ವರ್ಗ ಕೊಟ್ಟು, ಅವನಾಗಿಯೇ ರಾಜೀನಾಮೆ ಬರೆಯುವಂತೆ ಮಾಡಿದ್ದನ್ನು ಕಂಡಿದ್ದೇನೆ.

ಇಷ್ಟು ಹೇಳಿದೆನೆಂದು ಈ ಕೆಲಸ ಹೀನವೆಂದು ತಿಳಿಯಬೇಡ. ಹೊಸ ಔಷಧದ ಗುಣ, ಅಡ್ಡಪರಿಣಾಮ ಎರಡನ್ನೂ ಓದಿಕೊಂಡು ಹೇಳುವ ರೆಪ್‌ಗಳನ್ನು ಡಾಕ್ಟರರು ತಾವಾಗಿ ಒಳಗೆ ಕರೆಯುತ್ತಾರೆ. ಮನೆಯ ಪರಿಸ್ಥಿತಿ ನೋಡಿ ನೀನು ಸೇರುವುದಾದರೆ ಸೇರು. ಆದರೆ ಸಂದರ್ಶನದಲ್ಲೇ ಕೇಳು: ಈ ಜಾಗದಲ್ಲಿ ಹಿಂದೆ ಇದ್ದವರು ಯಾಕೆ ಬಿಟ್ಟರು? ಟಾರ್ಗೆಟ್ ಎಷ್ಟು, ಕಳೆದ ವರ್ಷ ನಿಜವಾಗಿ ಆದ ಸೇಲ್ಸ್ ಎಷ್ಟು? ಎಕ್ಸ್‌ಪೈರಿ ಮಾಲು ಯಾರ ಲೆಕ್ಕಕ್ಕೆ? ನೇಮಕಾತಿ ಪತ್ರ ಕೈಗೆ ಬರುವ ತನಕ ಬ್ಯಾಗು ಮುಟ್ಟಬೇಡ.

ಸೇರಿದ ಮೇಲೆ ಎರಡು ವ್ರತ ಹಿಡಿ. ಮೊದಲನೆಯದು, ನಿನ್ನ ಕಿಸೆಯಿಂದ ಒಂದು ಸ್ಟ್ರಿಪ್ ಕೂಡ ಕೊಳ್ಳಬಾರದು. ಎರಡನೆಯದು, ನೋಡದ ಡಾಕ್ಟರರನ್ನು ನೋಡಿದೆನೆಂದು ವರದಿಯಲ್ಲಿ ಬರೆಯಬಾರದು. ಕೆಲಸದಿಂದ ತೆಗೆಯಬೇಕೆನಿಸಿದ ದಿನ ಕಂಪನಿಯವರು ಮೊದಲು ಹುಡುಕುವುದು ಅಂಥ ಸುಳ್ಳು ವರದಿಯನ್ನೇ. ಇನ್ಸೆಂಟಿವ್ ನಂಬಿ ಸಾಲ ಮಾಡಬೇಡ, ಮನೆ ಖರ್ಚು ಮೂಲ ಸಂಬಳದಲ್ಲೇ ನಡೆಯಲಿ. ರೆಪ್‌ಗಳ ಸಂಘದ ಸದಸ್ಯನಾಗು. ಒಂಟಿ ಹುಡುಗನ ಮಾತಿಗಿಲ್ಲದ ಬೆಲೆ ಸಂಘದ ಪತ್ರಕ್ಕಿದೆ. ಹೊರಬರುವ ದಾರಿಯನ್ನೂ ಮೊದಲೇ ನೋಡಿಟ್ಟುಕೊ. ಡಿ.ಫಾರ್ಮ್ ಮಾಡುವುದೋ, ಬಿ.ಎಡ್. ಮಾಡುವುದೋ, ಸರ್ಕಾರಿ ಪರೀಕ್ಷೆ ಬರೆಯುವುದೋ, ಮನೆಯ ಜವಾಬ್ದಾರಿ ಹೆಗಲೇರುವ ಮೊದಲೇ ಆಗಲಿ. ಕೈಯಲ್ಲಿ ಇನ್ನೊಂದು ವಿದ್ಯೆ ಇದ್ದರೆ ಮ್ಯಾನೇಜರನ ಎದುರು ‘ಆಗುವುದಿಲ್ಲ ಸರ್’ ಎನ್ನುವ ಧೈರ್ಯ ತಾನಾಗಿ ಬರುತ್ತದೆ. ಈ ಕೆಲಸದಲ್ಲಿ ಮಾನ ಉಳಿಸುವುದು ಆ ಒಂದು ಮಾತು. ಅದನ್ನು ಹೇಳುವ ಶಕ್ತಿ ಸಂಪಾದಿಸಿಕೊಂಡೇ ಹೊರಡು.